ಒಂದೂವರೆ ಸೆಕೆಂಡಿನ ಹೊಲ

ಹುಣಸೂರು ತಾಲ್ಲೂಕಿನ ಒಂದು ಎಕರೆ ಹೊಗೆಸೊಪ್ಪಿನ ಹೊಲ. ಚೌಕವಾಗಿದೆ ಎಂದುಕೊಂಡರೆ ಈ ಬದುವಿನಿಂದ ಆ ಬದುವಿಗೆ ಸುಮಾರು 64 ಮೀಟರ್. ಗಂಟೆಗೆ 160 ಕಿ.ಮೀ. ವೇಗದಲ್ಲಿ ಬರುವ ವಿಮಾನ ಅಷ್ಟು ದೂರ ದಾಟಲು ಒಂದೂವರೆ ಸೆಕೆಂಡೂ ಹಿಡಿಯುವುದಿಲ್ಲ. ಅಷ್ಟರಲ್ಲೇ ಪೈಲಟ್ ಔಷಧಿಯ ವಾಲ್ವ್ ತೆರೆಯಬೇಕು, ಮುಚ್ಚಬೇಕು, ಎದುರಾಗುವ ತೆಂಗಿನ ಮರವನ್ನೋ ಸೊಪ್ಪು ಬೇಯಿಸುವ ಬ್ಯಾರನ್ನಿನ ಚಾವಣಿಯನ್ನೋ ಕರೆಂಟಿನ ತಂತಿಯನ್ನೋ ತಪ್ಪಿಸಿ ಮೇಲೇಳಬೇಕು. ಆಮೇಲೆ ದೊಡ್ಡದೊಂದು ಸುತ್ತು ಹೊಡೆದು ಅದೇ ಹೊಲದ ಮುಂದಿನ ಪಟ್ಟೆಗೆ ಬರಲು ಕಡಿಮೆಯೆಂದರೂ ಅರ್ಧ ನಿಮಿಷ. ಒಂದೂವರೆ ಸೆಕೆಂಡಿನ ಕೆಲಸಕ್ಕೆ ಮೂವತ್ತು ಸೆಕೆಂಡಿನ ಪ್ರದಕ್ಷಿಣೆ!

ಹೊಲಕ್ಕೆ ಔಷಧಿ ಹೊಡೆಯುವುದಕ್ಕೆಂದೇ ವಿಮಾನ ಮಾಡುವವರು ಎಂಜಿನ್ನು, ರೆಕ್ಕೆ, ಟ್ಯಾಂಕುಗಳ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡರೂ ಕೊನೆಗೆ ಅದರ ಆಕಾರವನ್ನು ನಿರ್ಧರಿಸುವುದು ಕೆಳಗಿರುವ ನೆಲ. ಬದು ಎಷ್ಟು ಉದ್ದ, ಪಕ್ಕದವನು ಏನು ಬೆಳೆದಿದ್ದಾನೆ, ಗಾಳಿ ಯಾವ ಕಡೆಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಾಗದ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಶೆಡ್ಡಿನಲ್ಲೇ ಉಳಿಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಹೊಲಗಳ ಮೇಲೆ ನಿಂತು ನೋಡಿದರೆ ಕೃಷಿ ವಿಮಾನದ ನೂರು ವರ್ಷದ ಕಥೆ ಬೇರೆಯೇ ಕಾಣುತ್ತದೆ.

ಅಂಥದ್ದೊಂದು ವಿಮಾನವನ್ನು ಬೆಂಗಳೂರಿನಲ್ಲೇ ಕಟ್ಟಿದ್ದರು ಎಂಬುದನ್ನು ಈಗ ನೆನಪಿಟ್ಟುಕೊಂಡವರು ಕಡಿಮೆ. ಅದನ್ನು ಕಟ್ಟಿದ ಎಚ್‌ಎಎಲ್‌ಗೂ ಮೈಸೂರಿಗೂ ಹಳೆಯ ನಂಟು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮುಂದೆ ಎಚ್‌ಎಎಲ್ ಆದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದಾಗ ಮೈಸೂರು ಸಂಸ್ಥಾನದ ಸರ್ಕಾರ ಜಾಗವನ್ನೂ ಕೊಟ್ಟು, ಬಂಡವಾಳವನ್ನೂ ಹಾಕಿತ್ತು. ಅದೇ ಕಾರ್ಖಾನೆಯಲ್ಲಿ 1968ರಲ್ಲಿ ಎಚ್‌ಎ-31 ಎಂಬ ಕೃಷಿ ವಿಮಾನದ ನಕ್ಷೆ ತಯಾರಾಗತೊಡಗಿತು. ಮೊದಲ ಮಾದರಿಗೆ 250 ಅಶ್ವಶಕ್ತಿಯ ಎಂಜಿನ್. ಪೈಲಟ್ ಕೂರುವ ಜಾಗ ರೆಕ್ಕೆಯ ಮುಂದಿನ ಅಂಚಿನ ಮೇಲೆ. ಎಂಜಿನಿಯರುಗಳು ಅದನ್ನು ಅಲ್ಲಿಗೇ ಬಿಟ್ಟು ಹೊಸದಾಗಿ ಗೆರೆ ಎಳೆದರು. 1972ರ ಮಾರ್ಚ್ 30ರಂದು ಮೇಲೆದ್ದ ಆ ಎರಡನೆಯ ರೂಪವೇ ಬಸಂತ್. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ತಯಾರಿಕೆ ಶುರುವಾದ 1974ರ ಹೊತ್ತಿಗೆ ಕರ್ನಾಟಕ.

ಬಸಂತ್ ಚೆಲುವಾದ ವಿಮಾನವಲ್ಲ. ಉದ್ದನೆಯ ಮೂಗು, ಗೂನು ಬೆನ್ನು, ಆ ಗೂನಿನ ಮೇಲೆ ಗಾಜಿನ ಗೂಡು. ಕೆಳಗಡೆ ಅಗಲವಾದ ರೆಕ್ಕೆ, ಅದನ್ನು ಹಿಡಿದಿಡುವ ಊರೆಕಂಬಗಳು, ಮಡಚಿಕೊಳ್ಳದ ಗಾಲಿಗಳು, ಬಾಲದಡಿಯಲ್ಲಿ ಇನ್ನೊಂದು ಪುಟ್ಟ ಚಕ್ರ. ರೆಕ್ಕೆಯ ತುದಿಯಿಂದ ತುದಿಗೆ 12 ಮೀಟರ್, ಉದ್ದ 9 ಮೀಟರ್. 400 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನಿಗೆ ಎಂಟು ಸಿಲಿಂಡರ್. ಖಾಲಿ ಇದ್ದಾಗ ಸುಮಾರು 1,200 ಕಿಲೋ ತೂಗುವ ಇದು, ಔಷಧಿ, ಪೆಟ್ರೋಲು, ಪೈಲಟ್ ಎಲ್ಲ ಸೇರಿ 2,270 ಕಿಲೋದವರೆಗೆ ಹೊತ್ತು ಏಳುತ್ತಿತ್ತು. ಎಂದರೆ ತನ್ನ ಮೈತೂಕದ ಹತ್ತಿರ ಹತ್ತಿರ ಇನ್ನೊಂದು ಪಟ್ಟು ಹೊರೆ.

ಈ ಕುರೂಪದ ಒಂದೊಂದು ಅಂಕುಡೊಂಕಿಗೂ ಕಾರಣವಿದೆ. ಕಾರಣಗಳ ಬಹುಪಾಲು ಸತ್ತ ಪೈಲಟ್‌ಗಳಿಂದ ಕಲಿತದ್ದು.

ವಿಮಾನದಿಂದ ಬೆಳೆಗೆ ಔಷಧಿ ಹಾಕಿದ ಮೊದಲ ಪ್ರಯೋಗ ನಡೆದದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಎಂಬಲ್ಲಿ. ಕೆಟಾಲ್ಪಾ ಮರಗಳ ಎಲೆಯನ್ನು ಕಂಬಳಿಹುಳು ತಿಂದು ಹಾಕುತ್ತಿತ್ತು. ಸೇನೆಯ ಪೈಲಟ್ ಜಾನ್ ಮೆಕ್ರೆಡಿ ಹಳೆಯ ಕರ್ಟಿಸ್ ವಿಮಾನ ಹಾರಿಸಿದರೆ, ಅದರ ಮಗ್ಗುಲಿಗೆ ಕಟ್ಟಿದ್ದ ತಗಡಿನ ಪೆಟ್ಟಿಗೆಯ ಹಿಡಿ ತಿರುಗಿಸಿ ಸೀಸದ ಆರ್ಸೆನೇಟ್ ಪುಡಿಯನ್ನು ಉದುರಿಸಿದವರು ಎಟಿಯೆನ್ ಡೊರ್ಮಾಯ್. ತೋಪು ಸಣ್ಣದು, ಕೆಲಸ ಕ್ಷಣಾರ್ಧದ್ದು, ಹುಳುಗಳು ರಾಶಿ ರಾಶಿ ಬಿದ್ದವು. ಹತ್ತಿ ಬೆಳೆಯುವ ದಕ್ಷಿಣದ ರಾಜ್ಯಗಳಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಅಲ್ಲಿ ಹತ್ತಿಗೆ ಪುಡಿ ಎರಚುತ್ತಿದ್ದ ಹಫ್ ಡಾಲಂಡ್ ಡಸ್ಟರ್ಸ್ ಎಂಬ ಕಂಪನಿಯೇ ಮುಂದೆ ಡೆಲ್ಟಾ ಏರ್‌ಲೈನ್ಸ್ ಆಯಿತು. ಹುಳ ಹೊಡೆಯುತ್ತಿದ್ದವರು ಜನ ಹೊರುವವರಾದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆ ಹರಾಜಿಗಿಟ್ಟ ತರಬೇತಿ ವಿಮಾನಗಳನ್ನೇ ಜನ ಅಗ್ಗಕ್ಕೆ ಕೊಂಡು ಟ್ಯಾಂಕು ಕೂರಿಸಿ ಹೊಲಕ್ಕಿಳಿಸಿದರು. ಬೆಳೆಯ ನೆತ್ತಿಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ ಹಾರುವವನಿಗೆ ತಪ್ಪು ತಿದ್ದಿಕೊಳ್ಳುವ ಸಮಯವೇ ಇಲ್ಲ. ಟ್ಯಾಂಕು ಬೆನ್ನ ಹಿಂದಿದ್ದರಂತೂ ವಿಮಾನ ನೆಲಕ್ಕೆ ಅಪ್ಪಳಿಸಿದಾಗ ನೂರಾರು ಕಿಲೋ ಔಷಧಿ ಮುಂದಕ್ಕೆ ನುಗ್ಗಿ ಪೈಲಟ್‌ನನ್ನು ಎಂಜಿನ್ನಿಗೆ ಒತ್ತಿಬಿಡುತ್ತಿತ್ತು. ಟೆಕ್ಸಸ್‌ನ ಎ ಅಂಡ್ ಎಂ ಕಾಲೇಜಿನಲ್ಲಿ ಫ್ರೆಡ್ ವೈಕ್ ಎಂಬ ಎಂಜಿನಿಯರ್ ಈ ಕೆಲಸಕ್ಕೆಂದೇ ಒಂದು ವಿಮಾನ ರಚಿಸಿದರು. ಎಜಿ-1 ಎಂಬ ಅದು 1950ರ ಡಿಸೆಂಬರ್ 1ರಂದು ಹಾರಿತು. ಎಂಜಿನ್ ಮುಂದೆ, ಅದರ ಹಿಂದೆ ಟ್ಯಾಂಕು, ಅದರ ಹಿಂದೆ ಎತ್ತರದಲ್ಲಿ ಪೈಲಟ್. ಬಿದ್ದರೆ ಮೊದಲು ಮೂಗು ನಜ್ಜುಗುಜ್ಜಾಗಲಿ, ಆಮೇಲೆ ಟ್ಯಾಂಕು ಒಡೆಯಲಿ, ಮನುಷ್ಯ ಕೂತ ಗೂಡು ಮಾತ್ರ ಗಟ್ಟಿಯಾಗಿ ಉಳಿಯಲಿ ಎಂಬುದು ಲೆಕ್ಕ. ಎತ್ತರದಲ್ಲಿ ಕೂತರೆ ಮೂಗಿನ ಆಚೆಗಿರುವ ಬೆಳೆಸಾಲು, ತಂತಿ, ಮರ ಕಾಣುತ್ತದೆ. ಹೀಗೆ ಹುಟ್ಟಿದ ಗೂನು ಬೆನ್ನು ಮುಂದೆ ಪೈಪರ್ ಪಾನಿ ಎಂಬ ಕೃಷಿ ವಿಮಾನಕ್ಕೂ ಬಂತು, ನಮ್ಮ ಬಸಂತ್‌ಗೂ ಬಂತು.

ಇನ್ನು ಕಣ್ಣಿಗೆ ಬೀಳದ ಸೂಕ್ಷ್ಮಗಳು. ಗಾಲಿಯ ಕಾಲಿನ ಮುಂದೆ, ಗಾಜಿನ ನಡುವೆ ತಂತಿ ಕತ್ತರಿಸುವ ಅಲಗು. ಗೂಡಿನ ನೆತ್ತಿಯಿಂದ ಬಾಲದ ತುದಿಗೆ ಎಳೆದು ಕಟ್ಟಿದ ಉಕ್ಕಿನ ಹಗ್ಗ, ಅಲಗಿಗೆ ಸಿಗದ ತಂತಿ ಬಾಲಕ್ಕೆ ಸಿಕ್ಕದೆ ಜಾರಿಹೋಗಲಿ ಎಂದು. ಏರಲಾಗದೆ ಎದುರು ಮರ ಬಂದರೆ ಟ್ಯಾಂಕಿನ ತಳವನ್ನೇ ತೆರೆದು ಅಷ್ಟೂ ಹೊರೆಯನ್ನು ಕೆಲವೇ ಸೆಕೆಂಡಿನಲ್ಲಿ ಸುರಿದುಬಿಡುವ ಬಾಗಿಲು. ಔಷಧಿಗಳು ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆಂದು ಫೈಬರ್ ಗ್ಲಾಸಿನ ಟ್ಯಾಂಕು. ಸಂಜೆ ಕೆಲಸ ಮುಗಿದ ಮೇಲೆ ಪೈಪು ಹಿಡಿದು ಒಳಗೆಲ್ಲ ತೊಳೆಯಲು ಬರುವಂತೆ ಕಳಚಿ ತೆಗೆಯಬಹುದಾದ ಪಕ್ಕದ ತಗಡುಗಳು. ಹೊಟ್ಟೆಯಡಿ ಪುಟ್ಟ ಫ್ಯಾನು; ಗಾಳಿಗೆ ಅದು ತಿರುಗಿದರೆ ಪಂಪು ಓಡುತ್ತದೆ, ಪ್ರತ್ಯೇಕ ಮೋಟಾರು ಬೇಡ. ಹಳ್ಳಿಯ ಮೆಕ್ಯಾನಿಕ್ಕು ಮೆಚ್ಚುವ ಬುದ್ಧಿ ಇದು.

ರೆಕ್ಕೆಯ ಹಿಂದೆ ನಾಜಲ್‌ಗಳನ್ನು ಹೊತ್ತ ಕೊಳವೆಯಂತೂ ರೆಕ್ಕೆಯಷ್ಟು ಉದ್ದ ಇರುವುದೇ ಇಲ್ಲ. ಸುಮಾರು ಮುಕ್ಕಾಲು ಭಾಗಕ್ಕೆ ನಿಲ್ಲುತ್ತದೆ. ಹಾರುವ ರೆಕ್ಕೆಯ ತುದಿಯಲ್ಲಿ ಗಾಳಿ ಸುಳಿಯಾಗುತ್ತದೆ. ಅಲ್ಲಿಗೆ ಸಿಕ್ಕ ಹನಿ ಕೆಳಗಿಳಿಯುವ ಬದಲು ಮೇಲಕ್ಕೆದ್ದು ಎತ್ತಲೋ ಹೋಗುತ್ತದೆ. ಕೃಷಿ ವಿಮಾನದ ವಿನ್ಯಾಸದಲ್ಲಿ ಅತ್ಯಂತ ಕಷ್ಟದ ಭಾಗ ಈ ಹನಿಯೇ. ವಿಮಾನ ಹಾರಿಸುವುದು ಒಂದು ವಿದ್ಯೆಯಾದರೆ, ಹನಿಯನ್ನು ಬೇಕಾದಲ್ಲಿ ಬೀಳಿಸುವುದು ಅದಕ್ಕಿಂತ ದೊಡ್ಡ ವಿದ್ಯೆ.

ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು, ಅಂದರೆ 200 ಮೈಕ್ರಾನ್ ಗಾತ್ರದ ಹನಿ ಮೂರು ಮೀಟರ್ ಎತ್ತರದಿಂದ ಬೀಳಲು ನಾಲ್ಕು ಸೆಕೆಂಡು ಚಿಲ್ಲರೆ ತೆಗೆದುಕೊಳ್ಳುತ್ತದೆ. ಗಂಟೆಗೆ ಏಳು ಕಿ.ಮೀ.ನ ಮೆಲುಗಾಳಿಯಿದ್ದರೆ ಅಷ್ಟರಲ್ಲಿ ಎಂಟೊಂಬತ್ತು ಮೀಟರ್ ಸರಿಯುತ್ತದೆ. 100 ಮೈಕ್ರಾನಿನ ಹನಿ ಹನ್ನೊಂದು ಸೆಕೆಂಡು ತೇಲಿ ಇಪ್ಪತ್ತೆರಡು ಮೀಟರ್ ಆಚೆ ಬೀಳುತ್ತದೆ. 50 ಮೈಕ್ರಾನಿನದು ನಲವತ್ತು ಸೆಕೆಂಡು ಗಾಳಿಯಲ್ಲೇ ಇದ್ದು ಎಂಬತ್ತು ಮೀಟರ್ ಹೋಗುತ್ತದೆ. ಒಂದು ಎಕರೆಯ ಹೊಲದಲ್ಲಿ ಅದು ಪಕ್ಕದವನ ಪಾಲು. ಹಾಗೆಂದು ಹನಿಯನ್ನು ದಪ್ಪ ಮಾಡಿದರೆ ಎಲೆಯ ಮೇಲೆ ಕೂರದೆ ಉರುಳಿ ಬೀಳುತ್ತದೆ, ಲೀಟರಿಗೆ ಸಿಗುವ ಹನಿಗಳ ಸಂಖ್ಯೆಯೂ ಇಳಿಯುತ್ತದೆ. ಹನಿಯ ಅಡ್ಡಳತೆ ಇಮ್ಮಡಿಯಾದರೆ ಸಂಖ್ಯೆ ಎಂಟನೆಯ ಒಂದು ಭಾಗ. ಹಾಗಾಗಿ ನಾಜಲ್ ಮಾಡುವವರು ಈ ಎರಡು ಸಂಕಟಗಳ ನಡುವೆ ಓಲಾಡುತ್ತಲೇ ಇದ್ದಾರೆ.

ಸಾವಿರಾರು ಎಕರೆಗೆ ಒಂದೇ ಬೆಳೆ ಇರುವ ಕಡೆ ಈ ಸರಿದಾಟ ಅಂಥ ದೊಡ್ಡ ಸಂಗತಿಯಲ್ಲ. ಸೋವಿಯತ್ ಒಕ್ಕೂಟದ ಸಾಮೂಹಿಕ ಬೇಸಾಯದ ಬಯಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಪೋಲೆಂಡಿನಲ್ಲಿ ಎಂ-15 ಎಂಬ ಕೃಷಿ ವಿಮಾನ ಕಟ್ಟಿದರು. ಎರಡು ಹಂತದ ರೆಕ್ಕೆ, ನೆತ್ತಿಯ ಮೇಲೆ ಜೆಟ್ ಎಂಜಿನ್. ಔಷಧಿ ಹೊಡೆಯಲು ಜೆಟ್! 1973ರಲ್ಲಿ ಹಾರಿದ ಆ ವಿಚಿತ್ರ ಪ್ರಾಣಿ ಸೀಮೆಎಣ್ಣೆ ಕುಡಿದೇ ಮಾಲೀಕರನ್ನು ಸುಸ್ತು ಮಾಡಿತು. ಇನ್ನೂರು ಮುಟ್ಟುವ ಮೊದಲೇ ತಯಾರಿಕೆ ನಿಂತಿತು. ಬ್ರೆಜಿಲ್‌ನವರು ಹೆಚ್ಚು ಜಾಣರು. 1970ರಲ್ಲಿ ಹಾರಿದ ಅವರ ಇಪನೇಮಾ ಇಂದಿಗೂ ಕೆಲಸದಲ್ಲಿದೆ. 2004ರಲ್ಲಿ ಕಬ್ಬಿನ ಎಥನಾಲ್‌ನಿಂದಲೇ ಹಾರುವ ಅದರ ರೂಪವೂ ಬಂತು. ಅಲ್ಲಿ ಒಂದು ಕಿಲೋಮೀಟರ್ ಉದ್ದದ ಸಾಲು ಅಪರೂಪವಲ್ಲ. ವಾಲ್ವ್ ತೆರೆದರೆ ಇಪ್ಪತ್ತೆರಡು ಸೆಕೆಂಡು ತೆರೆದೇ ಇರುತ್ತದೆ. ತಿರುವಿಗೆ ಅರ್ಧ ನಿಮಿಷ ಹೋದರೂ ಗಿಟ್ಟುತ್ತದೆ.

ನಮ್ಮಲ್ಲಿ ಗಿಟ್ಟಲಿಲ್ಲ. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಕಟ್ಟಿದ ಬಸಂತ್‌ಗಳು ಒಟ್ಟು 39. ಅದೇ ಜಾತಿಯ ಪೈಪರ್ ಪಾನಿ ಐದು ಸಾವಿರ ದಾಟಿತ್ತು. ಬಸಂತ್ ಕೆಟ್ಟ ವಿಮಾನ ಎಂದು ಇದರ ಅರ್ಥವಲ್ಲ. ಕರ್ನಾಟಕದ ರೈತನ ಸರಾಸರಿ ಹಿಡುವಳಿ 2015-16ರ ಕೃಷಿ ಗಣತಿಯ ಪ್ರಕಾರ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆಯಷ್ಟು. ಅದೂ ಒಂದೇ ಕಡೆ ಇರಬೇಕೆಂದಿಲ್ಲ. ಅಣ್ಣತಮ್ಮಂದಿರ ಪಾಲಾದ ಮೇಲೆ ಬದುಗಳು ಹೆಚ್ಚಾಗಿವೆಯೇ ಹೊರತು ಕಡಿಮೆಯಾಗಿಲ್ಲ.

ಪಿರಿಯಾಪಟ್ಟಣದ ಕಡೆಯ ಯಾವುದಾದರೂ ದಿಣ್ಣೆ ಹತ್ತಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಒಂದು ತುಂಡು ಹೊಗೆಸೊಪ್ಪು, ಪಕ್ಕದಲ್ಲಿ ಮುಸುಕಿನ ಜೋಳ, ಅದರಾಚೆ ಗುತ್ತಿಗೆಗೆ ಕೊಟ್ಟ ಶುಂಠಿ, ಕೆಳಗೆ ರಾಗಿ, ಮನೆಗಂಟಿಕೊಂಡ ತೆಂಗು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಅದಕ್ಕೆ ಸೌದೆಯಾಗಲೆಂದು ಬದುವಿನಲ್ಲಿ ನೆಟ್ಟ ಮರಗಳು. ಹೊಗೆಸೊಪ್ಪಿಗೆ ಬೇಕಾದ ಔಷಧಿ ಶುಂಠಿಗೆ ಬೇಡ. ಶುಂಠಿಗೆ ಹೊಡೆದದ್ದು ದನದ ಮೇವಿಗೆ ಬೀಳಬಾರದು. ಹಿಪ್ಪುನೇರಳೆ ಇದ್ದರಂತೂ ಕೇಳುವುದೇ ಬೇಡ. ಹೊಗೆಸೊಪ್ಪಿನ ಹೊಲಕ್ಕೆ ಅಂಟಿಕೊಂಡು ಬೆಳೆದ ಹಿಪ್ಪುನೇರಳೆ ಸೊಪ್ಪನ್ನು ತಿಂದರೇ ನಿಕೋಟಿನ್ ತಗುಲಿ ರೇಷ್ಮೆ ಹುಳು ಸಾಯುತ್ತದೆ ಎಂದು ರೇಷ್ಮೆ ತಜ್ಞರು ಎಚ್ಚರಿಸುತ್ತಾರೆ. ಕೀಟನಾಶಕದ ಒಂದು ಎಳೆ ತೇಲಿಬಂದರೂ ಚಂದ್ರಿಕೆ ಏರಬೇಕಾದ ಹುಳುಗಳು ತಟ್ಟೆಯಲ್ಲೇ ಮುಗಿಯುತ್ತವೆ.

ಗಾಳಿಯ ಮಾತು ಬೇರೆ. ಇಲ್ಲಿ ಹೊಗೆಸೊಪ್ಪು ಮುಂಗಾರಿನ ಬೆಳೆ. ಮೇ, ಜೂನ್‌ನಲ್ಲಿ ನಾಟಿ. ಹುಳು, ಹೇನು ಕಾಣಿಸಿಕೊಂಡು ಔಷಧಿ ಹೊಡೆಯಬೇಕಾದ ಹೊತ್ತಿಗೆ ಸರಿಯಾಗಿ ಕೊಡಗಿನ ಕಡೆಯಿಂದ ಆಷಾಢದ ಗಾಳಿ ಬೀಸುತ್ತಿರುತ್ತದೆ. ಎಚ್.ಡಿ. ಕೋಟೆಗೆ ಬಂದರೆ ಹತ್ತಿ ಹೊಲದ ಬದು ಮುಗಿದಲ್ಲಿ ಆನೆ ಕಂದಕ, ಅದರಾಚೆ ನಾಗರಹೊಳೆ, ಬಂಡೀಪುರ. ಇನ್ನೊಂದು ಕಡೆ ಕಬಿನಿಯ ಹಿನ್ನೀರು. ಎಂಬತ್ತು ಮೀಟರ್ ತೇಲುವ ಹನಿಗೆ ಕಂದಕ ಅಡ್ಡ ಬರುವುದಿಲ್ಲ.

ಹನಿ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗದ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆ ಎಂಬ ತಿಗಣೆಗೆ ಹೂಡಿದ ಯುದ್ಧ ಅದು. ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲಿನ ಗೇರು ನೆಡುತೋಪುಗಳಿಗೂ ಅದೇ ಮಳೆ. ಹೆಲಿಕಾಪ್ಟರಿನ ಕೆಳಗೆ ಇದ್ದದ್ದು ಟೆಕ್ಸಸ್ಸಿನ ಬಯಲಲ್ಲ. ಗುಡ್ಡದ ನೆತ್ತಿಯಲ್ಲಿ ಗೇರು, ಕಣಿವೆಯಲ್ಲಿ ಮನೆ, ಅಡಿಕೆ ತೋಟ, ಮುಚ್ಚಳವಿಲ್ಲದ ಬಾವಿ, ಸುರಂಗದ ನೀರು. ಇಳಿಜಾರಿನಲ್ಲಿ ಮರದ ನೆತ್ತಿಗೆ ಎರಡು ಮೂರು ಮೀಟರ್ ಅಂತರ ಕಾಯುವುದು ಯಾವ ಪೈಲಟ್‌ಗೂ ಸುಲಭವಲ್ಲ; ಎತ್ತರ ಹೆಚ್ಚಿದಷ್ಟೂ ಹನಿ ಕಣಿವೆಗೆ ಇಳಿಯುತ್ತದೆ. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡದ್ದನ್ನು ಹೊರಗೆ ಹೇಳಿದರು, ಪತ್ರಕರ್ತ ಶ್ರೀ ಪಡ್ರೆ ಅದನ್ನು ಜಗತ್ತಿಗೆ ಮುಟ್ಟಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್‌ಗೆ ತಡೆ ಹಾಕಿತು. ಆ ಕಥೆಯಲ್ಲಿ ವಿಷದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಆದರೆ ಬಯಲಿಗೆಂದು ಹುಟ್ಟಿದ ವಿಧಾನವನ್ನು ಗುಡ್ಡಕ್ಕೆ ತಂದದ್ದು ಅಷ್ಟೇ ದೊಡ್ಡ ತಪ್ಪು. ಅದರ ಬಗ್ಗೆ ಮಾತು ಕಡಿಮೆಯಾಯಿತು.

ಆಕಾಶದಿಂದ ಔಷಧಿ ಹೊಡೆಯುವ ಆಸೆ ಮಾತ್ರ ಸಾಯಲಿಲ್ಲ. 2020ರಲ್ಲಿ ರಾಜಸ್ಥಾನಕ್ಕೆ ಮಿಡತೆ ದಂಡು ನುಗ್ಗಿದಾಗ ಡ್ರೋನ್‌ಗಳು ಕಣಕ್ಕಿಳಿದವು. 2021ರ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು ಬಂದವು, ಡಿಸೆಂಬರ್‌ನಲ್ಲಿ ಡ್ರೋನಿನಿಂದ ಕೀಟನಾಶಕ ಸಿಂಪಡಿಸುವ ಕ್ರಮವನ್ನು ಕೇಂದ್ರ ಕೃಷಿ ಸಚಿವಾಲಯ ಪ್ರಕಟಿಸಿತು. 2023ರ ಕೊನೆಗೆ ನಮೋ ಡ್ರೋನ್ ದೀದಿ ಯೋಜನೆ: 15,000 ಸ್ವಸಹಾಯ ಸಂಘಗಳಿಗೆ ಡ್ರೋನ್, ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಬೆಂಗಳೂರಿನ ಜನರಲ್ ಏರೋನಾಟಿಕ್ಸ್ ಕಂಪನಿ ತನ್ನ ಕೃಷಿ ಡ್ರೋನಿಗೆ ಕೃಷಕ್ ಎಂದು ಹೆಸರಿಟ್ಟಿದೆ. ಇದೇ ಹೆಸರಿನ ಪುಟ್ಟ ವಿಮಾನವೊಂದನ್ನು ಎಚ್‌ಎಎಲ್ 1959ರಲ್ಲಿ ಹಾರಿಸಿತ್ತು. ಅದು ಹೋಗಿದ್ದು ಹೊಲಕ್ಕಲ್ಲ, ಸೇನೆಗೆ, ಗಡಿಯಲ್ಲಿ ಕಣ್ಣಾಡಿಸಲು.

ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಡ್ರೋನ್ ಕೆಲಸ ನೋಡಲು ಈಗ ಯಾರನ್ನೂ ಹುಡುಕಿಕೊಂಡು ಹೋಗಬೇಕಿಲ್ಲ. ಗೂಡ್ಸ್ ಆಟೊದಲ್ಲಿ ಡ್ರೋನು, ನಾಲ್ಕಾರು ಬ್ಯಾಟರಿ, ಅವುಗಳನ್ನು ಚಾರ್ಜ್ ಮಾಡಲು ಜನರೇಟರು, ಎರಡು ನೀಲಿ ಡ್ರಮ್ಮು, ಒಂದು ಬಕೆಟ್ಟು ಬರುತ್ತವೆ. ಹುಡುಗರಿಬ್ಬರು. ಒಬ್ಬ ಬದುವಿನ ಮೇಲೆ ಗದ್ದೆಯ ಮೂಲೆಗಳಿಗೆ ನಡೆದು ಫೋನಿನಲ್ಲಿ ಗುರುತು ಹಾಕುತ್ತಾನೆ, ಇನ್ನೊಬ್ಬ ಬಕೆಟ್ಟಿನಲ್ಲಿ ಔಷಧಿ ಕದಡಿ ಹತ್ತು ಲೀಟರಿನ ಟ್ಯಾಂಕಿಗೆ ಸೋಸಿ ಸುರಿಯುತ್ತಾನೆ. ರೆಕ್ಕೆಗಳು ತಿರುಗಿದ ಕೂಡಲೇ ಭತ್ತದ ಪೈರು ವೃತ್ತಾಕಾರವಾಗಿ ಮಲಗಿ ಏಳುತ್ತದೆ. ಎಲೆಯ ಬೆಳ್ಳನೆಯ ತಳಮೈ ಕ್ಷಣ ಹೊತ್ತು ಮೇಲೆ ಬರುತ್ತದೆ. ಡ್ರೋನು ಸೆಕೆಂಡಿಗೆ ನಾಲ್ಕೈದು ಮೀಟರ್ ಸಾಗುತ್ತದೆ. ಬಸಂತ್ ಒಂದೂವರೆ ಸೆಕೆಂಡಿನಲ್ಲಿ ಹಾರಿಬಿಡುತ್ತಿದ್ದ 64 ಮೀಟರಿಗೆ ಇದಕ್ಕೆ ಹದಿನಾಲ್ಕು ಸೆಕೆಂಡು. ಆದರೆ ಬದು ಮುಟ್ಟಿದ ಮೇಲೆ ಪ್ರದಕ್ಷಿಣೆಯಿಲ್ಲ. ನಿಲ್ಲುತ್ತದೆ, ಪಕ್ಕಕ್ಕೆ ನಾಲ್ಕು ಮೀಟರ್ ಸರಿಯುತ್ತದೆ, ಹಿಂದಿರುಗುತ್ತದೆ. ಆರೇಳು ನಿಮಿಷಕ್ಕೆ ಎಕರೆ. ಬೆನ್ನಿಗೆ ಕ್ಯಾನು ಹೊತ್ತು ಕೆಸರಿನಲ್ಲಿ ಕಾಲು ಕೀಳುತ್ತ ನಡೆಯುವವನಿಗೆ ಅದು ಅರ್ಧ ದಿನದ ಕೆಲಸ. ಮೂಗಿಗೆ, ಮೈಗೆ ಔಷಧಿ ಬೇರೆ.

ವೇಗ ಕಡಿಮೆ ಮಾಡಿ, ತಿರುವನ್ನು ಇಲ್ಲವಾಗಿಸಿ, ಪೈಲಟ್‌ನನ್ನು ಬದುವಿನ ಮೇಲೆ ಇಳಿಸಿದ ಈ ಯಂತ್ರ ನಮ್ಮ ಹೊಲದ ಅಳತೆ ತೆಗೆದುಕೊಂಡೇ ಹೊಲಿದ ಅಂಗಿಯಂತಿದೆ. ಫ್ರೆಡ್ ವೈಕ್ ಕಾಪಾಡಲು ಹೊರಟ ಜೀವ ಈಗ ವಿಮಾನದಲ್ಲೇ ಇಲ್ಲ. ಮಾತು ಇಲ್ಲಿಗೇ ಮುಗಿಯುವಂತಿದ್ದರೆ ಚೆನ್ನಾಗಿತ್ತು.

ಹನಿ ಹಳೆಯದೇ. ಕ್ಯಾನು ಹೊತ್ತವನು ಎಕರೆಗೆ ಇನ್ನೂರು ಲೀಟರ್ ನೀರಿನಲ್ಲಿ ಕಲಸುವ ಔಷಧಿಯನ್ನು ಡ್ರೋನು ಹತ್ತು ಲೀಟರಿನಲ್ಲಿ ಮುಗಿಸುತ್ತದೆ. ಅಂದರೆ ಪ್ರತಿ ಹನಿಯೂ ಇಪ್ಪತ್ತು ಪಟ್ಟು ಖಾರ. ಅಷ್ಟು ಕಡಿಮೆ ನೀರಿನಲ್ಲಿ ಇಡೀ ಎಕರೆ ತೋಯಿಸಬೇಕಾದರೆ ಹನಿ ಸಣ್ಣದಾಗಲೇಬೇಕು; ಸಣ್ಣದಾದರೆ ತೇಲುತ್ತದೆ. ಆಷಾಢದಲ್ಲಿ ಪಿರಿಯಾಪಟ್ಟಣದ ದಿಣ್ಣೆಯ ಮೇಲೆ ಇದು ಪುಸ್ತಕದ ಮಾತಲ್ಲ. ಸೂರ್ಯ ಹುಟ್ಟುವ ಮೊದಲು ಗಾಳಿ ಸತ್ತಿರುವ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಸಬೇಕು. ಬಾಡಿಗೆ ಡ್ರೋನಿಗೆ ಅದೇ ಬೆಳಗ್ಗೆ ಹತ್ತು ಜನ ಕಾದಿದ್ದರೆ ಕೊನೆಯವನ ಪಾಳಿ ಬರುವುದು ಹನ್ನೊಂದಕ್ಕೆ, ಗಾಳಿ ಎದ್ದ ಮೇಲೆ. 2022ರ ಏಪ್ರಿಲ್‌ನಲ್ಲಿ 477 ಕೀಟನಾಶಕಗಳನ್ನು ಡ್ರೋನಿನಲ್ಲಿ ಬಳಸಲು ಒಟ್ಟಿಗೇ ತಾತ್ಕಾಲಿಕ ಅನುಮತಿ ಕೊಟ್ಟಾಗ, ಅವುಗಳಲ್ಲಿ ಹೆಚ್ಚಿನವುಗಳ ಲೇಬಲ್ ಬರೆದದ್ದು ಕ್ಯಾನಿನ ಲೆಕ್ಕದಲ್ಲಿ. ಅವಸರವಾಯಿತೆಂದೇ ಹೇಳಬೇಕು.

ಹುಣಸೂರು ಸೀಮೆಯ ಹೊಗೆಸೊಪ್ಪಿನ ಬಹುಭಾಗ ಹೊರದೇಶಕ್ಕೆ ಹೋಗುವಂಥದ್ದು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಬೇಲ್‌ಗಳಿಗೆ ಬೆಲೆ ಹಾಕುವವರ ಹಿಂದಿರುವ ಖರೀದಿದಾರ ಎಲೆಯಲ್ಲಿ ಯಾವ ಔಷಧಿಯ ಶೇಷ ಎಷ್ಟಿದೆ ಎಂದು ಪರೀಕ್ಷೆ ಮಾಡಿಸುತ್ತಾನೆ. ತಾನು ಹೊಡೆಯದೇ ಇದ್ದ, ಪಕ್ಕದ ಶುಂಠಿ ಹೊಲದಿಂದ ತೇಲಿಬಂದ ಔಷಧಿಗೂ ಬೆಳೆಗಾರನೇ ಹೊಣೆ.

ಇಷ್ಟರ ಮೇಲೆ ಎಲ್ಲ ಹುಳುವೂ ರೋಗವೂ ಮೇಲಿನಿಂದ ಬೀಳುವ ಹನಿಗೆ ಸಿಗುವುದಿಲ್ಲ. ಭತ್ತದ ಬೆಂಕಿ ರೋಗ ಎಲೆಯ ಮೇಲೆ ಕಾಣಿಸುತ್ತದೆ, ಡ್ರೋನಿಗೆ ಹೇಳಿ ಮಾಡಿಸಿದ ಗುರಿ. ಮುಸುಕಿನ ಜೋಳದ ಸೈನಿಕ ಹುಳು ಸುಳಿಯೊಳಗೆ ಕೂತಿರುತ್ತದೆ. ನೇರ ಮೇಲಿಂದ ಸುರಿದದ್ದು ಸುಳಿಗೆ ಇಳಿದರೆ ಅಲ್ಲೂ ಕೆಲಸವಾಗುತ್ತದೆ. ಆದರೆ ಭತ್ತದ ಕಂದು ಜಿಗಿಹುಳು ಕುಳಿತು ರಸ ಹೀರುವುದು ತೆಂಡೆಯ ಬುಡದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ. ಪೈರು ಒತ್ತಾಗಿ ಬೆಳೆದು ಮೇಲೆ ಚಪ್ಪರ ಕಟ್ಟಿದ ಮೇಲೆ ಹತ್ತು ಲೀಟರಿನ ಮಂಜು ಅಲ್ಲಿಯವರೆಗೆ ಇಳಿಯುವುದು ಕಷ್ಟ. ಅಂಥ ಗದ್ದೆಗೆ ಕೃಷಿ ತಜ್ಞರು ಹಿಂದಿನಿಂದ ಹೇಳುತ್ತ ಬಂದ ಉಪಾಯವೇ ಈಗಲೂ: ನೀರು ಬಸಿದು, ಎರಡು ಮೂರು ಮೀಟರಿಗೊಂದು ಪೈರನ್ನು ಎರಡೂ ಕಡೆಗೆ ಬಗ್ಗಿಸಿ ಓಣಿ ಬಿಡಿಸಿ, ನಾಜಲ್ಲನ್ನು ಬುಡಕ್ಕೆ ತಿರುಗಿಸಿ ಹೊಡೆಯಬೇಕು. ಡ್ರೋನ್ ಕರೆಸಿದ ರೈತನೇ ಮಾರನೆಯ ದಿನ ಪವರ್ ಸ್ಪ್ರೇಯರಿಗೂ ಇಬ್ಬರು ಆಳಿಗೂ ಹೇಳಿ ಕಳಿಸುವುದುಂಟು.